ಚೆಂಡು ಹಿಡಿದವರ ಹೊತ್ತು

1944ರ ಮಾರ್ಚ್ 12, ಭಾನುವಾರ. ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಡರ್ಹಮ್ ಪಟ್ಟಣದ ಜನ ಬೆಳಗಿನ ಪ್ರಾರ್ಥನೆಗೆ ಚರ್ಚುಗಳಲ್ಲಿ ಕೂತಿದ್ದ ಹೊತ್ತು. ಡ್ಯೂಕ್ ವಿಶ್ವವಿದ್ಯಾಲಯದ ಕೆಲವು ವೈದ್ಯಕೀಯ ವಿದ್ಯಾರ್ಥಿಗಳು ಕಾರುಗಳಲ್ಲಿ ಹೊರಟು, ನೇರ ದಾರಿ ಬಿಟ್ಟು ಸುತ್ತಿ ಬಳಸಿ, ಅದೇ ಊರಿನ ಕಪ್ಪು ಜನರ ಕಾಲೇಜಿನ ವ್ಯಾಯಾಮಶಾಲೆಯ ಮುಂದೆ ಇಳಿದರು. ಯಾರಿಗೂ ಗುರುತು ಸಿಗದಿರಲೆಂದು ಕೋಟುಗಳನ್ನು ತಲೆಯ ಮೇಲೆ ಎಳೆದುಕೊಂಡು ಒಳಗೆ ಹೋದರು. ಹಿಂದೆಯೇ ಬಾಗಿಲಿಗೆ ಬೀಗ ಬಿತ್ತು.

ಬಿಳಿಯರೂ ಕಪ್ಪು ಜನರೂ ಒಂದೇ ಅಂಕಣದಲ್ಲಿ ಆಡುವುದನ್ನು ಅಲ್ಲಿನ ಸಮಾಜ ಸಹಿಸುತ್ತಿರಲಿಲ್ಲ. ಸಿಕ್ಕಿಬಿದ್ದರೆ ಜೈಲಾಗಬಹುದಿತ್ತು, ಹೊಡೆತ ಬೀಳಬಹುದಿತ್ತು, ಜೀವವೇ ಹೋಗಬಹುದಿತ್ತು. ಡ್ಯೂಕಿನ ಆ ತಂಡದಲ್ಲಿದ್ದವರು ಯುದ್ಧಕಾಲದಲ್ಲಿ ವೈದ್ಯಕೀಯ ತರಬೇತಿಗೆಂದು ಬಂದವರು. ಹಲವರು ಅದಕ್ಕೆ ಮುಂಚೆ ದೊಡ್ಡ ಕಾಲೇಜುಗಳ ಪರವಾಗಿ ಬ್ಯಾಸ್ಕೆಟ್‌ಬಾಲ್ ಆಡಿ ಪಳಗಿದ್ದವರು. ಎದುರಿಗಿದ್ದದ್ದು ನಾರ್ತ್ ಕೆರೊಲಿನಾ ಕಾಲೇಜ್ ಫಾರ್ ನೀಗ್ರೋಸ್ ತಂಡ. ಅದರ ತರಬೇತುದಾರ ಜಾನ್ ಮೆಕ್ಲೆಂಡನ್‌ಗೆ ಆಗ 28 ವರ್ಷ. ಆಟ ಮೊದಲಾದಾಗ ಎರಡೂ ಕಡೆಯವರ ಕೈಕಾಲು ತಡವರಿಸಿದವು. ಆಮೇಲೆ ಮೆಕ್ಲೆಂಡನ್ ಹುಡುಗರು ಓಡತೊಡಗಿದರು. ಕೊನೆಗೆ ಅಂಕಗಳು 88-44. ಸ್ವಲ್ಪ ಸುಧಾರಿಸಿಕೊಂಡ ಮೇಲೆ ಇನ್ನೊಂದು ಆಟ ಆಡೋಣವೆಂದರು. ಈ ಸಲ ಎರಡೂ ತಂಡದವರು ಬೆರೆತು, ಒಂದು ಗುಂಪು ಅಂಗಿ ತೊಟ್ಟು, ಇನ್ನೊಂದು ಗುಂಪು ಅಂಗಿ ಕಳಚಿ ಆಡಿತು. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಈ ಸುದ್ದಿ ಹೊರಗೆ ಬರಲಿಲ್ಲ. 1996ರಲ್ಲಿ ಇತಿಹಾಸಕಾರ ಸ್ಕಾಟ್ ಎಲ್ಸ್‌ವರ್ತ್ ಬರೆದಾಗಲೇ ಲೋಕಕ್ಕೆ ತಿಳಿದದ್ದು.

ಜನಾಂಗದ ಗೋಡೆಯನ್ನು ಒಂದು ಬೆಳಗಿನ ಮಟ್ಟಿಗೆ ದಾಟಿದ ಧೈರ್ಯಕ್ಕಾಗಿ ಈ ಪಂದ್ಯವನ್ನು ನೆನೆಯುವುದು ಸರಿಯೇ. ಆದರೆ ಆಟದ ಇತಿಹಾಸ ಬಲ್ಲವರು ಆ ಅಂಕಗಳನ್ನೂ ನೋಡಬೇಕು. ಆಗಿನ ಬಿಳಿಯರ ಕಾಲೇಜುಗಳಲ್ಲಿ ಚೆಂಡನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತ, ಜಾಗ ಹುಡುಕುತ್ತ, ಕೊನೆಗೆ ನೆಲದ ಮೇಲೆ ಕಾಲೂರಿ ಎರಡೂ ಕೈಯಿಂದ ಬುಟ್ಟಿಗೆ ಎಸೆಯುವುದು ಶಿಸ್ತಿನ ಆಟ ಅನ್ನಿಸಿಕೊಂಡಿತ್ತು. ಅಂಥ ಆಟದಲ್ಲಿ ನಲವತ್ತು ಅಂಕವೆಂದರೆ ದೊಡ್ಡ ಮೊತ್ತ. ಮೆಕ್ಲೆಂಡನ್ ಕಲಿಸಿದ್ದು ಇದಕ್ಕೆ ತದ್ವಿರುದ್ಧ: ರೀಬೌಂಡ್, ಅಂದರೆ ಬುಟ್ಟಿಗೆ ಬೀಳದೆ ಪುಟಿದ ಚೆಂಡು, ಕೈಗೆ ಸಿಕ್ಕ ಕ್ಷಣವೇ ಮುಂದಕ್ಕೆ ಹೋಗಬೇಕು, ಐವರೂ ಓಡಬೇಕು, ಎದುರಾಳಿ ತಿರುಗಿ ನಿಲ್ಲುವ ಮೊದಲೇ ಬುಟ್ಟಿಯ ಕೆಳಗಿರಬೇಕು. ಚೆಂಡು ಕಳೆದುಕೊಂಡರೆ ಹಿಂದೆ ಸರಿಯದೆ ಇಡೀ ಅಂಕಣದ ಉದ್ದಕ್ಕೂ ಎದುರಾಳಿಯನ್ನು ಒತ್ತಬೇಕು. ಫಾಸ್ಟ್ ಬ್ರೇಕ್, ಫುಲ್ ಕೋರ್ಟ್ ಪ್ರೆಸ್ ಎಂದು ಇಂದು ಶಾಲಾ ಮಕ್ಕಳಿಗೂ ಗೊತ್ತಿರುವ ಎರಡು ತಂತ್ರಗಳನ್ನು ಇಷ್ಟು ಪಕ್ಕಾ ವ್ಯವಸ್ಥೆಯಾಗಿ ಕಟ್ಟಿದವರಲ್ಲಿ ಮೆಕ್ಲೆಂಡನ್ ಮೊದಲಿಗರು. ಕಪ್ಪು ಜನರ ಕಾಲೇಜಿನ ವ್ಯಾಯಾಮಶಾಲೆಯೊಳಗೆ ಅದು ಬೆಳೆಯುತ್ತಿದ್ದಾಗ ಹೊರಗಿನ ಪತ್ರಿಕೆಗಳು ಅತ್ತ ತಿರುಗಿಯೂ ನೋಡಿರಲಿಲ್ಲ.

ಮೆಕ್ಲೆಂಡನ್ ಈ ವಿದ್ಯೆ ಕಲಿತದ್ದು ಯಾರ ಬಳಿ ಎಂದು ಕೇಳಿದರೆ ಕಥೆ ನೇರವಾಗಿ ಆಟದ ಬುಡಕ್ಕೇ ಹೋಗುತ್ತದೆ. 1933ರಲ್ಲಿ ಅವರು ಕ್ಯಾನ್ಸಸ್ ವಿಶ್ವವಿದ್ಯಾಲಯ ಸೇರಿದರು. ಬಣ್ಣದ ಕಾರಣಕ್ಕೆ ಅಲ್ಲಿನ ತಂಡದಲ್ಲಿ ಜಾಗ ಸಿಗಲಿಲ್ಲ. ಆದರೆ ಅಲ್ಲಿ ವಯಸ್ಸಾದ ಪ್ರಾಧ್ಯಾಪಕರೊಬ್ಬರಿದ್ದರು. ಅವರು ಈ ಹುಡುಗನನ್ನು ಹತ್ತಿರ ಕರೆದು ಪಾಠ ಹೇಳಿದರು. ಅವರೇ ಜೇಮ್ಸ್ ನೈಸ್ಮಿತ್, ಬ್ಯಾಸ್ಕೆಟ್‌ಬಾಲ್ ಆಟವನ್ನೇ ಹುಟ್ಟಿಸಿದವರು.

1891ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಯಲ್ಲಿ, ಚಳಿಗಾಲದಲ್ಲಿ ಒಳಾಂಗಣದಲ್ಲೇ ಆಡಬಹುದಾದ ಆಟವೊಂದು ಬೇಕೆಂದು ನೈಸ್ಮಿತ್ ಪೀಚ್ ಹಣ್ಣಿನ ಬುಟ್ಟಿಗಳನ್ನು ಗೋಡೆಗೆ ಹೊಡೆಸಿದರು, 13 ನಿಯಮ ಬರೆದರು, 18 ವಿದ್ಯಾರ್ಥಿಗಳನ್ನು ಒಂಬತ್ತೊಂಬತ್ತು ಮಂದಿಯಾಗಿ ನಿಲ್ಲಿಸಿದರು. ಮೊದಲ ಆಟ ಮುಗಿದದ್ದು 1-0ಕ್ಕೆ. ಆ 13 ನಿಯಮಗಳನ್ನು ಇಂದು ಓದಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಚೆಂಡು ಹಿಡಿದು ಓಡಬಾರದು, ಮುಷ್ಟಿಯಿಂದ ಗುದ್ದಬಾರದು, ಭುಜದಿಂದ ತಳ್ಳಬಾರದು ಎಂದೆಲ್ಲ ಇದೆ. ಆದರೆ ಒಂದು ತಂಡ ಚೆಂಡನ್ನು ಎಷ್ಟು ಹೊತ್ತು ತನ್ನ ಬಳಿ ಇಟ್ಟುಕೊಳ್ಳಬಹುದು ಎಂಬುದರ ಬಗ್ಗೆ ಒಂದಕ್ಷರವೂ ಇಲ್ಲ. ನೈಸ್ಮಿತ್ ಬಿಟ್ಟ ಆ ಖಾಲಿ ಜಾಗದಲ್ಲೇ ಮುಂದಿನ ತೊಂಬತ್ತಕ್ಕೂ ಹೆಚ್ಚು ವರ್ಷ ಕಾಲೇಜು ಬ್ಯಾಸ್ಕೆಟ್‌ಬಾಲಿನ ಜಗಳವೆಲ್ಲ ನಡೆಯಿತು. ಆಟದ ವೇಗ ಬದಲಾದದ್ದು ಆಟಗಾರರ ಕಾಲಬಲ ಹೆಚ್ಚಿದ್ದರಿಂದ ಎಂದು ಅನೇಕರು ತಿಳಿಯುತ್ತಾರೆ. ದಾಖಲೆ ಹೇಳುವುದು ಬೇರೆ. ಒಬ್ಬ ಜಾಣ ತರಬೇತುದಾರ ನಿಯಮದಲ್ಲಿ ಒಂದು ಸಂದು ಕಂಡುಹಿಡಿಯುತ್ತಾನೆ, ನಿಯಮ ಸಮಿತಿ ಅದನ್ನು ಮುಚ್ಚುತ್ತದೆ, ಮತ್ತೊಬ್ಬ ಇನ್ನೊಂದನ್ನು ಹುಡುಕುತ್ತಾನೆ. ವೇಗ ಏರಿದ್ದೂ ಇಳಿದದ್ದೂ ಹೀಗೆ.

ಆರಂಭದ ದಶಕಗಳಲ್ಲಿ ಬುಟ್ಟಿಗೆ ಚೆಂಡು ಬಿದ್ದಾಗಲೆಲ್ಲ ಎಲ್ಲರೂ ಅಂಕಣದ ನಡುವಿಗೆ ಮರಳಬೇಕಿತ್ತು. ಅಲ್ಲಿ ರೆಫರಿ ಚೆಂಡನ್ನು ಮೇಲಕ್ಕೆಸೆದು ಜಂಪ್ ಬಾಲ್ ಕೊಡುತ್ತಿದ್ದರು. ಎತ್ತರದವನೊಬ್ಬ ತಂಡದಲ್ಲಿದ್ದರೆ ಚೆಂಡು ಮತ್ತೆ ಮತ್ತೆ ಅದೇ ತಂಡಕ್ಕೆ. ಎದುರಾಳಿಗೆ ಅದು ಮುಟ್ಟಲೂ ಸಿಗದಂತಾಗುತ್ತಿತ್ತು. ಮುಂದಿರುವ ತಂಡ ಹಿಂದಿನ ಅರ್ಧದಲ್ಲಿ ಚೆಂಡು ಹಿಡಿದು ಅಡ್ಡಾಡುತ್ತಿತ್ತು. ಅದನ್ನು ತಡೆಯಲು 1932-33ರ ಋತುವಿನಲ್ಲಿ ನಡುಗೆರೆ ಬಂತು: ಚೆಂಡು ಸಿಕ್ಕ 10 ಸೆಕೆಂಡಿನೊಳಗೆ ಅದನ್ನು ದಾಟಲೇಬೇಕು. ಪ್ರತಿ ಬುಟ್ಟಿಯ ನಂತರದ ಜಂಪ್ ಬಾಲ್ ತೆಗೆಯಿರಿ ಎಂದು ದಕ್ಷಿಣ ಕ್ಯಾಲಿಫೋರ್ನಿಯಾದ ತರಬೇತುದಾರ ಸ್ಯಾಮ್ ಬ್ಯಾರಿ ಮುಂತಾದವರು ವರ್ಷಗಟ್ಟಲೆ ವಾದಿಸಿದರು. 1937-38ರಲ್ಲಿ ಅದೂ ಹೋಯಿತು. ಈ ಒಂದು ನಿಯಮದಿಂದ ಆದಷ್ಟು ಬದಲಾವಣೆ ಮುಂದೆ ಬಹಳ ಕಾಲ ಬೇರಾವುದರಿಂದಲೂ ಆಗಲಿಲ್ಲ. ಬುಟ್ಟಿ ಬಿದ್ದ ಕೂಡಲೇ ಎದುರಾಳಿ ಚೆಂಡೆತ್ತಿಕೊಂಡು ಓಡಬಹುದು ಎಂದಾದಾಗ ಆಟ ಮೊದಲ ಬಾರಿಗೆ ಅಂಕಣದ ಈ ತುದಿಯಿಂದ ಆ ತುದಿಗೆ ನಿಲ್ಲದೆ ಹರಿಯಿತು.

ಅದೇ ಹೊತ್ತಿಗೆ ಪಶ್ಚಿಮ ಕರಾವಳಿಯಿಂದ ಒಬ್ಬ ಹುಡುಗ ಬಂದ. ಸ್ಟ್ಯಾನ್‌ಫರ್ಡ್‌ನ ಹ್ಯಾಂಕ್ ಲುಯಿಸೆಟ್ಟಿ ಓಡುತ್ತ ಓಡುತ್ತಲೇ ಒಂದು ಕೈಯಲ್ಲಿ ಚೆಂಡೆಸೆಯುತ್ತಿದ್ದ. 1936ರ ಡಿಸೆಂಬರ್ 30ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, ಸತತ 43 ಪಂದ್ಯ ಗೆದ್ದು ಬೀಗಿದ್ದ ಲಾಂಗ್ ಐಲೆಂಡ್ ವಿಶ್ವವಿದ್ಯಾಲಯವನ್ನು ಸ್ಟ್ಯಾನ್‌ಫರ್ಡ್ 45-31ರಿಂದ ಸೋಲಿಸಿತು. ಎರಡು ಕೈಯ ಎಸೆತಕ್ಕೆ ನಿಲ್ಲಬೇಕು, ನಿಲ್ಲಲು ಜಾಗ ಬೇಕು, ಜಾಗಕ್ಕೆ ಹೊತ್ತು ಬೇಕು. ಒಂದು ಕೈಯ ಎಸೆತಕ್ಕೆ ಇದ್ಯಾವುದೂ ಬೇಡ. ಪೂರ್ವದ ತರಬೇತುದಾರರು ಮೂಗು ಮುರಿದರೂ, ಆ ಸಂಜೆ ನೋಡಿದ ಹುಡುಗರು ಮಾರನೆಯ ದಿನದಿಂದಲೇ ಒಂದು ಕೈಯಲ್ಲಿ ಎಸೆಯತೊಡಗಿದ್ದರೆ ಅದು ಸಹಜವೇ.

ಹಾಗೆಂದು ಎಲ್ಲರೂ ಓಡಲು ಒಪ್ಪಲಿಲ್ಲ. ಓಕ್ಲಹೋಮ ಎ ಅಂಡ್ ಎಂ ಕಾಲೇಜಿನ ಹೆನ್ರಿ ಐಬಾ ನಿಧಾನದ ಗುರು. ಖಾತ್ರಿಯಾದ ಅವಕಾಶ ಸಿಗುವವರೆಗೆ ಎಸೆಯಬೇಡಿ ಎಂಬುದು ಅವರ ಪಾಠ. 1945 ಮತ್ತು 1946ರ ರಾಷ್ಟ್ರೀಯ ಪಟ್ಟ ಎರಡೂ ಅವರಿಗೇ ಸಿಕ್ಕವು. ಅವರ ತಂಡದ ಬಾಬ್ ಕರ್ಲೆಂಡ್ ಮತ್ತು ಡಿಪಾಲ್‌ನ ಜಾರ್ಜ್ ಮೈಕನ್, ಈ ಇಬ್ಬರು ಎತ್ತರದವರು ಬುಟ್ಟಿಗೆ ಬೀಳಲಿದ್ದ ಚೆಂಡನ್ನು ಮೇಲಿನಿಂದಲೇ ತಳ್ಳಿಹಾಕುತ್ತಿದ್ದರಿಂದ 1944-45ರಲ್ಲಿ ಗೋಲ್‌ಟೆಂಡಿಂಗ್ ನಿಷೇಧ ಬಂತು. ಕೆಂಟಕಿಯ ಅಡಾಲ್ಫ್ ರಪ್ ಓಟದ ಪಕ್ಷದವರು. 1949ರ ಫೈನಲಿನಲ್ಲಿ ಈ ಎರಡು ಪಂಥಗಳೇ ಎದುರಾದವು. ಕೆಂಟಕಿ 46-36ರಿಂದ ಗೆದ್ದಿತು. ಓಟದವರು ಗೆದ್ದರೂ ಆ ರಾತ್ರಿಯ ಅಂಕಗಳು ಐಬಾ ಇಷ್ಟಪಡುವಂಥವೇ. ಎದುರಾಳಿ ಓಡಲು ಒಪ್ಪದಿದ್ದರೆ ಓಟಗಾರನೂ ನಡೆಯಬೇಕಾಗುತ್ತದೆ ಎಂಬ ಸತ್ಯ ಅಲ್ಲಿ ಗೋಚರಿಸಿತು.

ವೃತ್ತಿಪರ ಎನ್‌ಬಿಎ ಈ ಸಮಸ್ಯೆಯನ್ನು ಬೇಗ ಬಗೆಹರಿಸಿತು. 1950ರ ನವೆಂಬರಿನಲ್ಲಿ ಫೋರ್ಟ್ ವೇನ್ ತಂಡ ಮಿನಿಯಾಪೊಲಿಸ್ ತಂಡವನ್ನು 19-18ರಿಂದ ಸೋಲಿಸಿದಾಗ ಟಿಕೆಟ್ ಕೊಂಡವರು ಸಿಟ್ಟಾದರು. ಸಿರಾಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಿಯಾಸೋನ್ ಒಂದು ಲೆಕ್ಕ ಹಾಕಿದರು: ಆಟದ ಒಟ್ಟು ಅವಧಿ 2,880 ಸೆಕೆಂಡು, ಚೆನ್ನಾದ ಪಂದ್ಯದಲ್ಲಿ ಎರಡೂ ತಂಡ ಸೇರಿ ಸುಮಾರು 120 ಎಸೆತ, ಭಾಗಿಸಿದರೆ 24. 1954ರಿಂದ 24 ಸೆಕೆಂಡಿನೊಳಗೆ ಎಸೆಯಲೇಬೇಕು ಎಂಬ ಶಾಟ್ ಕ್ಲಾಕ್ ಬಂತು. ಕಬಡ್ಡಿಯ ದಾಳಿಗಾರನಿಗೆ ಈಗ 30 ಸೆಕೆಂಡಿನ ಗಡುವು ಇರುವ ಹಾಗೆ ಇದು. ಕಾಲೇಜುಗಳು ಮಾತ್ರ ಒಪ್ಪಲಿಲ್ಲ. ಅವರ ವಾದದಲ್ಲಿ ತಿರುಳಿತ್ತು. ವೃತ್ತಿಪರ ತಂಡಗಳು ಹೆಚ್ಚುಕಡಿಮೆ ಸಮಬಲದವು, ಕಾಲೇಜುಗಳಲ್ಲಿ ಹಾಗಲ್ಲ. ಏಳಡಿಯ ಆಟಗಾರನಿರುವ ದೊಡ್ಡ ವಿಶ್ವವಿದ್ಯಾಲಯದ ಎದುರು ಸಣ್ಣ ಕಾಲೇಜೊಂದು ನಿಲ್ಲಬೇಕಾದರೆ ಅದಕ್ಕಿರುವ ಒಂದೇ ಆಯುಧ ಚೆಂಡು ಹಿಡಿದುಕೊಂಡು ಕೂರುವುದು. ಚೆಂಡು ಇಲ್ಲದ ದೈತ್ಯ ಅಂಕ ಗಳಿಸಲಾರ. ಆ ಆಯುಧವನ್ನೂ ಕಿತ್ತುಕೊಂಡರೆ ಬಡ ತಂಡಕ್ಕೆ ಉಳಿಯುವುದೇನು? ನಿಧಾನದ ಆಟವನ್ನು ಹೇಡಿತನವೆಂದು ಹಂಗಿಸುವವರು ಈ ಪ್ರಶ್ನೆಗೆ ಉತ್ತರ ಕೊಡಬೇಕು.

ಆ ಆಯುಧ ಅತ್ಯಂತ ಹರಿತವಾದದ್ದು ಮತ್ತದೇ ಉತ್ತರ ಕೆರೊಲಿನಾದಲ್ಲಿ. ರಾಲಿ, ಡರ್ಹಮ್, ಚಾಪೆಲ್ ಹಿಲ್: ಅರ್ಧ ಗಂಟೆಯ ಕಾರಿನ ದಾರಿಯೊಳಗೆ ಮೂರು ಊರು, ಮೂರು ವಿಶ್ವವಿದ್ಯಾಲಯ, ಮೂರು ಬದ್ಧವೈರಿ ತಂಡ. ಈಗ ರಿಸರ್ಚ್ ಟ್ರಯಾಂಗಲ್ ಎಂದು ಕರೆಯುವ ಆ ಸೀಮೆಯಲ್ಲಿ ಸಾಫ್ಟ್‌ವೇರ್ ಮತ್ತು ಔಷಧ ಕಂಪನಿಗಳ ಕೆಲಸಕ್ಕೆ ಹೋಗಿ ನೆಲೆಸಿದ ಕನ್ನಡ ಕುಟುಂಬಗಳೂ ಇವೆ. ಮಾರ್ಚ್ ತಿಂಗಳು ಬಂತೆಂದರೆ ಡ್ಯೂಕಿನ ಕಡುನೀಲಿಯೋ ಕೆರೊಲಿನಾದ ತಿಳಿನೀಲಿಯೋ ಎಂಬ ಪ್ರಶ್ನೆ ಆ ಊರುಗಳಲ್ಲಿ ಯಾರನ್ನೂ ಬಿಡುವುದಿಲ್ಲ.

1968ರ ಮಾರ್ಚಿನಲ್ಲಿ ಈ ತಂಡಗಳಿದ್ದ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ (ಎಸಿಸಿ) ಕೂಟದ ಟೂರ್ನಿಯ ಸೆಮಿಫೈನಲಿನಲ್ಲಿ ಡ್ಯೂಕ್ ಎದುರು ರಾಲಿಯ ಎನ್‌ಸಿ ಸ್ಟೇಟ್ ಆಡಿತು. ಡ್ಯೂಕಿನ ಎತ್ತರದ ಸೆಂಟರ್ ಬುಟ್ಟಿಯ ಕೆಳಗೆ ನಿಂತಿದ್ದರೆ ಗೆಲ್ಲಲಾಗದು ಎಂದು ಸ್ಟೇಟ್‌ನ ತರಬೇತುದಾರ ನಾರ್ಮ್ ಸ್ಲೋನ್‌ಗೆ ಗೊತ್ತಿತ್ತು. ಚೆಂಡು ಹಿಡಿದು ನಡುಗೆರೆಯ ಹತ್ತಿರ ನಿಂತುಬಿಡಿ, ಅವರೇ ಹೊರಗೆ ಬರಲಿ ಎಂದರು. ಡ್ಯೂಕ್ ಹೊರಗೆ ಬರಲಿಲ್ಲ. ಒಬ್ಬ ಚೆಂಡನ್ನು ಕೈಯಲ್ಲಿಟ್ಟುಕೊಂಡು ನಿಂತಿದ್ದಾನೆ, ಒಂಬತ್ತು ಮಂದಿ ಅವನನ್ನು ನೋಡುತ್ತಿದ್ದಾರೆ, ನಿಮಿಷಗಳು ಉರುಳುತ್ತಿವೆ. ಅರ್ಧ ಆಟಕ್ಕೆ 4-2. ಮುಗಿದಾಗ ಸ್ಟೇಟ್ 12, ಡ್ಯೂಕ್ 10. ಮರುದಿನದ ಫೈನಲಿನಲ್ಲಿ ಇದೇ ಸ್ಟೇಟ್ ತಂಡವನ್ನು ಚಾಪೆಲ್ ಹಿಲ್‌ನ ನಾರ್ತ್ ಕೆರೊಲಿನಾ 87-50ರಿಂದ ಉರುಳಿಸಿತು. 1973ರ ಡಿಸೆಂಬರಿನಲ್ಲಿ ಟೆನೆಸ್ಸಿ ತಂಡ ಟೆಂಪಲ್ ತಂಡವನ್ನು 11-6ರಿಂದ ಸೋಲಿಸಿ ಆ 12-10ಕ್ಕಿಂತಲೂ ಕೆಳಗಿಳಿಯಿತು.

1968ರ ಆ ಎಸಿಸಿ ಫೈನಲ್ ಗೆದ್ದ ಕೆರೊಲಿನಾದ ತರಬೇತುದಾರ ಡೀನ್ ಸ್ಮಿತ್ ಈ ಕಥೆಯ ಬಹುದೊಡ್ಡ ಪಾತ್ರ. ಅವರೂ ಕ್ಯಾನ್ಸಸ್‌ನಿಂದ ಬಂದವರೇ. ನೈಸ್ಮಿತ್ ನಂತರ ಅಲ್ಲಿ ಆಟ ಬೆಳೆಸಿದ ಫಾಗ್ ಆಲೆನ್ ಅವರ ಶಿಷ್ಯ. ಒಟ್ಟು ಎಷ್ಟು ಅಂಕ ಬಂತು ಎನ್ನುವುದಕ್ಕಿಂತ, ಚೆಂಡು ಕೈಗೆ ಸಿಕ್ಕ ಪ್ರತಿ ಸರದಿಗೆ ಎಷ್ಟು ಅಂಕ ಬಂತು ಎಂದು ಲೆಕ್ಕವಿಡುವ ಪದ್ಧತಿಯನ್ನು ಬಹಳ ಹಿಂದೆಯೇ ಬಳಕೆಗೆ ತಂದವರು ಅವರು. ಇಂದಿನ ಅಂಕಿಅಂಶ ಪರಿಣತರು ತಂಡಗಳನ್ನು ಅಳೆಯುವುದು ಅದೇ ಅಳತೆಯಲ್ಲಿ. ಅವರ ಹೆಸರಿನ ಜೊತೆ ಶಾಶ್ವತವಾಗಿ ಅಂಟಿಕೊಂಡದ್ದು ಮಾತ್ರ 'ಫೋರ್ ಕಾರ್ನರ್ಸ್' ಎಂಬ ವ್ಯೂಹ. ಮುನ್ನಡೆ ಸಿಕ್ಕ ಮೇಲೆ ಸ್ಮಿತ್ ಬದಿಯಿಂದ ನಾಲ್ಕು ಬೆರಳೆತ್ತುತ್ತಿದ್ದರು. ನಾಲ್ವರು ಅರ್ಧ ಅಂಕಣದ ನಾಲ್ಕು ಮೂಲೆಗೆ ಸರಿಯುತ್ತಿದ್ದರು. ಐದನೆಯವನು, ತಂಡದಲ್ಲೇ ಚೆನ್ನಾಗಿ ಡ್ರಿಬಲ್ ಮಾಡಬಲ್ಲವನು, ನಡುವಿನ ಖಾಲಿ ಜಾಗದಲ್ಲಿ ಚೆಂಡು ಕುಟ್ಟುತ್ತ ಸುಳಿದಾಡುತ್ತಿದ್ದ. ಇಬ್ಬರು ಅವನ ಮೇಲೆ ಬಿದ್ದರೆ ಬಿಡುವಾದ ಮೂಲೆಯವನಿಗೆ ಪಾಸ್. ಒಬ್ಬನೇ ಬಂದರೆ ಅವನನ್ನು ದಾಟಿ ನೇರ ಬುಟ್ಟಿಗೆ. ತಾಳ್ಮೆಗೆಟ್ಟು ಫೌಲ್ ಮಾಡಿದರೆ ಫ್ರೀ ಥ್ರೋ. 1974ರಿಂದ 78ರವರೆಗೆ ಆಡಿದ ಫಿಲ್ ಫೋರ್ಡ್ ಆ ನಡುವಿನ ಪಾತ್ರದಲ್ಲಿ ಅಪ್ರತಿಮ. ಆ ನಾಲ್ಕು ಬೆರಳು ಕಂಡರೆ ತವರಿನ ಪ್ರೇಕ್ಷಕರು ಗೆದ್ದೆವೆಂದೇ ಕೂಗುತ್ತಿದ್ದರು. ಎದುರಾಳಿಗಳ ಎದೆ ಕುಸಿಯುತ್ತಿತ್ತು.

ಈ ವ್ಯೂಹದ ಮೊದಲ ರೂಪವೂ ಮೆಕ್ಲೆಂಡನ್ ಅವರದೇ ಎಂದು ಆಟದ ಇತಿಹಾಸಕಾರರು ಗುರುತಿಸುತ್ತಾರೆ. ಓಡಿ ಓಡಿ ಮುನ್ನಡೆ ಗಳಿಸಿದ ಮೇಲೆ ಅದನ್ನು ಕಾಯುವುದಕ್ಕೂ ಒಂದು ವಿದ್ಯೆ ಬೇಕಲ್ಲ. ಆಟವನ್ನು ಎಲ್ಲರಿಗಿಂತ ವೇಗವಾಗಿ ಓಡಿಸಿದ ಮನುಷ್ಯನೇ ಅದನ್ನು ನಿಲ್ಲಿಸುವುದನ್ನೂ ಕಲಿಸಿದ್ದ. ಅವರು 1957, 58, 59ರಲ್ಲಿ ಟೆನೆಸ್ಸಿ ಸ್ಟೇಟ್ ತಂಡಕ್ಕೆ ಸಣ್ಣ ಕಾಲೇಜುಗಳ ಸಂಘವಾದ ಎನ್‌ಎಐಎಯ ಸತತ ಮೂರು ಪಟ್ಟ ಗೆದ್ದುಕೊಟ್ಟರು. ಬ್ಯಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್ 1979ರಲ್ಲಿ ಅವರನ್ನು ಆಟಕ್ಕೆ ಕೊಡುಗೆ ನೀಡಿದವರ ಸಾಲಿಗೆ ಸೇರಿಸಿಕೊಂಡಿತಾದರೂ ತರಬೇತುದಾರರೆಂದು ಗೌರವಿಸಿದ್ದು 2016ರಲ್ಲಿ. ಆ ಹೊತ್ತಿಗೆ ಅವರು ತೀರಿಕೊಂಡು ಹದಿನೇಳು ವರ್ಷವಾಗಿತ್ತು. ಈ ತಡ ಯಾರಿಗಾದರೂ ನೋವುಂಟುಮಾಡಬೇಕು.

ಬಣ್ಣದ ನೆರಳು ನಿಯಮಗಳ ಮೇಲೂ ಬಿದ್ದಿತ್ತು. 1966ರ ಫೈನಲಿನಲ್ಲಿ ಐವರೂ ಕಪ್ಪು ಆಟಗಾರರನ್ನು ಮೊದಲಿಗೆ ಇಳಿಸಿದ ಟೆಕ್ಸಸ್ ವೆಸ್ಟರ್ನ್ ತಂಡ ರಪ್ ಅವರ ಕೆಂಟಕಿಯನ್ನು 72-65ರಿಂದ ಸೋಲಿಸಿತು. ಮರುವರ್ಷ ಯುಸಿಎಲ್‌ಎ ಪರ ಏಳಡಿಗೂ ಎತ್ತರದ ಲ್ಯೂ ಆಲ್ಸಿಂಡರ್, ಅಂದರೆ ಮುಂದಿನ ಕರೀಂ ಅಬ್ದುಲ್-ಜಬ್ಬಾರ್, ಆಟವಾಳಿದ. 1967-68ರಿಂದ ಡಂಕ್, ಅಂದರೆ ಚೆಂಡನ್ನು ಮೇಲಿನಿಂದ ಬುಟ್ಟಿಯೊಳಕ್ಕೆ ಬಡಿಯುವುದು, ನಿಷಿದ್ಧವಾಯಿತು. 1975-76ರವರೆಗೂ ಹಾಗೇ ಇತ್ತು. ಅದು ಆಲ್ಸಿಂಡರ್‌ನನ್ನೂ ಅವನಂಥ ಕಪ್ಪು ಹುಡುಗರನ್ನೂ ಕಟ್ಟಿಹಾಕಲು ತಂದದ್ದೆಂದು ಆಗಲೂ ಅನೇಕರು ಹೇಳಿದರು. ಯುಸಿಎಲ್‌ಎ ಮಾತ್ರ ಗೆಲ್ಲುತ್ತಲೇ ಹೋಯಿತು: ತರಬೇತುದಾರ ಜಾನ್ ವುಡನ್ ಕೈಕೆಳಗೆ 12 ವರ್ಷದಲ್ಲಿ 10 ಪಟ್ಟ.

ಚೆಂಡು ಹಿಡಿದು ನಿಲ್ಲುವ ಆಟದ ಅಂತ್ಯ ಟೆಲಿವಿಷನ್ನಿನ ಕಣ್ಣೆದುರಿಗೇ ಆಯಿತು. 1979ರ ಫೆಬ್ರವರಿಯಲ್ಲಿ ಡ್ಯೂಕಿನ ಅಂಕಣದಲ್ಲಿ ಕೆರೊಲಿನಾ ಮೊದಲರ್ಧವಿಡೀ ಚೆಂಡು ಹಿಡಿದುಕೊಂಡು ಒಂದಂಕವನ್ನೂ ಗಳಿಸಲಿಲ್ಲ, 7-0. ಎರಡನೆಯ ಅರ್ಧದಲ್ಲಿ ಎರಡೂ ತಂಡ ನಲವತ್ತು ನಲವತ್ತು ಅಂಕ ಗಳಿಸಿದವು, ಡ್ಯೂಕ್ 47-40ರಿಂದ ಗೆದ್ದಿತು. ಮೂರು ವರ್ಷದ ಮೇಲೆ, 1982ರ ಮಾರ್ಚಿನಲ್ಲಿ, ಎಸಿಸಿ ಫೈನಲಿನಲ್ಲಿ ಕೆರೊಲಿನಾ ಮತ್ತು ವರ್ಜೀನಿಯಾ ಎದುರಾದವು. ಒಂದು ಕಡೆ ಮೈಕಲ್ ಜೋರ್ಡನ್, ಜೇಮ್ಸ್ ವರ್ದಿ, ಸ್ಯಾಮ್ ಪರ್ಕಿನ್ಸ್. ಇನ್ನೊಂದು ಕಡೆ ಏಳಡಿ ನಾಲ್ಕಿಂಚಿನ ರಾಲ್ಫ್ ಸ್ಯಾಂಪ್ಸನ್. ದೇಶದ ಅತ್ಯುತ್ತಮ ಆಟಗಾರರನ್ನು ನೋಡಲು ಜನ ಟಿವಿ ಮುಂದೆ ಕೂತಿದ್ದರೆ, ಒಂದಂಕದ ಮುನ್ನಡೆ ಸಿಕ್ಕ ಸ್ಮಿತ್ ನಾಲ್ಕು ಬೆರಳೆತ್ತಿದರು. ವರ್ಜೀನಿಯಾ ಬುಟ್ಟಿಯ ಸುತ್ತಲಿನ ತನ್ನ ಝೋನ್ ರಕ್ಷಣೆ ಬಿಟ್ಟು ಹೊರಬರಲಿಲ್ಲ. ಸುಮಾರು ಏಳು ನಿಮಿಷ ಯಾರೂ ಬುಟ್ಟಿಯತ್ತ ಎಸೆಯಲಿಲ್ಲ. ಪಂದ್ಯ 47-45ಕ್ಕೆ ಮುಗಿಯಿತು. ಬಡವನ ಆಯುಧವೆಂಬ ವಾದ ಅಂದು ನೆಲಕಚ್ಚಿತು. ಅದನ್ನು ಝಳಪಿಸುತ್ತಿದ್ದದ್ದು ದೇಶದಲ್ಲೇ ಅತ್ಯಂತ ಬಲಿಷ್ಠ ತಂಡ. ಅದೇ ತಿಂಗಳ ಕೊನೆಗೆ ಜೋರ್ಡನ್ ಎಸೆದ ಚೆಂಡಿನಿಂದ ಜಾರ್ಜ್‌ಟೌನ್ ಎದುರು 63-62ರಿಂದ ಗೆದ್ದು ಅವರು ರಾಷ್ಟ್ರೀಯ ಚಾಂಪಿಯನ್ನರೂ ಆದರು.

ಮುಂದಿನ ಋತುವಿನಲ್ಲೇ ಎಸಿಸಿ ತನ್ನ ಪಂದ್ಯಗಳಿಗೆ 30 ಸೆಕೆಂಡಿನ ಗಡಿಯಾರವನ್ನೂ, ಆಚೆಯಿಂದ ಎಸೆದು ಹಾಕಿದರೆ ಮೂರಂಕ ಸಿಗುವ ಗೆರೆಯನ್ನೂ ಪ್ರಯೋಗಕ್ಕೆ ತಂದಿತು. ಆದರೆ ರಾಷ್ಟ್ರೀಯ ಟೂರ್ನಿಯಲ್ಲಿ ಎರಡೂ ಇರಲಿಲ್ಲ. 1985ರ ಏಪ್ರಿಲ್ 1ರಂದು ಗಡಿಯಾರವಿಲ್ಲದ ಕೊನೆಯ ಫೈನಲ್ ನಡೆಯಿತು. ಭಯಂಕರ ರಕ್ಷಣೆಯ ಜಾರ್ಜ್‌ಟೌನ್ ಎದುರು ವಿಲನೋವಾ ತಂಡ ಗೆಲ್ಲುತ್ತದೆಂಬ ಆಸೆ ಯಾರೂ ಇಟ್ಟಿರಲಿಲ್ಲ. ವಿಲನೋವಾ ಅವಸರಿಸಲಿಲ್ಲ. ಇಡೀ ಪಂದ್ಯದಲ್ಲಿ 28 ಸಲ ಮಾತ್ರ ಎಸೆದು 22ನ್ನು ಬುಟ್ಟಿಗೆ ಹಾಕಿತು, 66-64. ನಿಧಾನದ ಆಟಕ್ಕೆ ಇದಕ್ಕಿಂತ ಘನವಾದ ಬೀಳ್ಕೊಡುಗೆ ಸಿಗಲಾರದು. ಅದರ ನಂತರದ ಋತುವಿಗೆ 45 ಸೆಕೆಂಡಿನ ಗಡಿಯಾರ ಎಲ್ಲ ಪುರುಷರ ಪಂದ್ಯಗಳಿಗೂ ಬಂತು. ಮಹಿಳೆಯರ ಕಾಲೇಜು ಆಟ 30 ಸೆಕೆಂಡಿನ ಗಡಿಯಾರವನ್ನು 1970ರ ದಶಕದ ಆರಂಭದಲ್ಲೇ ಒಪ್ಪಿಕೊಂಡಿತ್ತು. ಪುರುಷರ ಸಮಿತಿಗಳು ಒಂದೂವರೆ ದಶಕ ತಲೆಕೆಡಿಸಿಕೊಂಡ ಪ್ರಶ್ನೆಗೆ ಉತ್ತರ ಪಕ್ಕದ ಅಂಕಣದಲ್ಲೇ ಇತ್ತು. ಯಾರೂ ನೋಡಿರಲಿಲ್ಲ.

1986-87ರಲ್ಲಿ 19 ಅಡಿ 9 ಇಂಚಿನ ಮೂರಂಕದ ಗೆರೆ ದೇಶಕ್ಕೆಲ್ಲ ಬಂತು. ಹಿರಿಯ ತರಬೇತುದಾರರು ಬಹಳ ಮಂದಿ ಅದನ್ನು ಸರ್ಕಸ್ ಎಂದುಕೊಂಡರು. ಪ್ರಾವಿಡೆನ್ಸ್‌ನ ಯುವ ತರಬೇತುದಾರ ರಿಕ್ ಪಿಟಿನೊ ಹಾಗೆ ಎಣಿಸಲಿಲ್ಲ. ಆ ಗೆರೆಯನ್ನೇ ನೆಚ್ಚಿ ಸಾಧಾರಣ ತಂಡವೊಂದನ್ನು ರಾಷ್ಟ್ರೀಯ ಟೂರ್ನಿಯ ಕೊನೆಯ ನಾಲ್ಕಕ್ಕೆ ಒಯ್ದರು. ಗೆರೆಯನ್ನು ಕಂಡರಾಗದ ಇಂಡಿಯಾನಾದ ಬಾಬ್ ನೈಟ್ ಅದೇ ವರ್ಷ ಸಿರಾಕ್ಯೂಸ್ ಎದುರು 74-73ರಿಂದ ಪಟ್ಟ ಗೆದ್ದಾಗ, ಅವರ ಆಟಗಾರ ಸ್ಟೀವ್ ಆಲ್ಫರ್ಡ್ ಆ ಗೆರೆಯಾಚೆಯಿಂದ ಏಳು ಸಲ ಚೆಂಡು ಹಾಕಿದ್ದ.

ಗಡಿಯಾರವೂ ಗೆರೆಯೂ ಸೇರಿ ಆಟ ಎಲ್ಲಿಯವರೆಗೆ ಹೋಗಬಹುದೆಂದು ತೋರಿಸಿದ್ದು ಲಾಸ್ ಏಂಜಲಿಸ್‌ನ ಲೊಯೊಲಾ ಮೇರಿಮೌಂಟ್ ಎಂಬ ಸಣ್ಣ ವಿಶ್ವವಿದ್ಯಾಲಯ. ತರಬೇತುದಾರ ಪಾಲ್ ವೆಸ್ಟ್‌ಹೆಡ್ ಕೆಲವೇ ಸೆಕೆಂಡುಗಳಲ್ಲಿ ಎಸೆಯಿರಿ, ಎದುರಾಳಿಯನ್ನೂ ಓಡಿಸಿ ಸುಸ್ತುಮಾಡಿ ಎಂದರು. 1989-90ರಲ್ಲಿ ಅವರ ತಂಡದ ಸರಾಸರಿ ಪಂದ್ಯವೊಂದಕ್ಕೆ 122.4 ಅಂಕ. ಆ ದಾಖಲೆ ಇನ್ನೂ ಅಳಿದಿಲ್ಲ. 1990ರ ಮಾರ್ಚ್ 4ರಂದು ತಂಡದ ನಕ್ಷತ್ರ ಹ್ಯಾಂಕ್ ಗ್ಯಾದರ್ಸ್ ಪಂದ್ಯದ ನಡುವೆಯೇ ಕುಸಿದು ಹೃದಯದ ತೊಂದರೆಯಿಂದ ತೀರಿಕೊಂಡ. ಎರಡು ವಾರದೊಳಗೆ ಉಳಿದವರು ಹಿಂದಿನ ವರ್ಷದ ಚಾಂಪಿಯನ್ ಮಿಶಿಗನ್ ತಂಡವನ್ನು 149-115ರಿಂದ ಸೋಲಿಸಿದರು. ಗೆಳೆಯ ಬೋ ಕಿಂಬಲ್ ಬಲಗೈಯವನಾದರೂ ಪ್ರತಿ ಪಂದ್ಯದ ತನ್ನ ಮೊದಲ ಫ್ರೀ ಥ್ರೋವನ್ನು ಗ್ಯಾದರ್ಸ್ ನೆನಪಿಗೆ ಎಡಗೈಯಲ್ಲಿ ಎಸೆದ.

ಗಡಿಯಾರ ಬಂದ ಮೇಲೆ ವೇಗ ಏರುತ್ತಲೇ ಹೋಗಬೇಕಿತ್ತಲ್ಲವೇ? ಹೋಗಲಿಲ್ಲ. 1993-94ರಲ್ಲಿ ಗಡುವನ್ನು 35 ಸೆಕೆಂಡಿಗೆ ಇಳಿಸಿದರೂ ತರಬೇತುದಾರರು ಆ 35ನ್ನೂ ಪೂರ್ತಿ ಬಳಸುವುದನ್ನು ಕಲಿತರು. ಪ್ರಿನ್ಸ್‌ಟನ್‌ನ ಪೀಟ್ ಕ್ಯಾರಿಲ್ ಗಡಿಯಾರದೊಳಗೇ ತಾಳ್ಮೆಯ ಆಟ ಹೆಣೆದರು: ಪಾಸ್, ಪಾಸ್, ಮತ್ತೊಂದು ಪಾಸ್, ರಕ್ಷಕ ಕಣ್ಣು ತಪ್ಪಿಸಿದ ಕ್ಷಣ ಅವನ ಬೆನ್ನ ಹಿಂದಿನಿಂದ ಬುಟ್ಟಿಗೆ ನುಗ್ಗುವ 'ಬ್ಯಾಕ್‌ಡೋರ್ ಕಟ್'. 1996ರ ಮಾರ್ಚಿನಲ್ಲಿ ಅಂಥದೇ ಒಂದು ನುಗ್ಗಿನಿಂದ ಹಾಲಿ ಚಾಂಪಿಯನ್ ಯುಸಿಎಲ್‌ಎಯನ್ನು 43-41ರಿಂದ ಮನೆಗೆ ಕಳಿಸಿದರು. ಅದು ನಿಜವಾಗಿಯೂ ಸುಂದರ ನಿಧಾನ. ಅದರ ನಂತರ ಬಂದದ್ದು ಸುಂದರವಲ್ಲ. ವಿಡಿಯೊ ನೋಡಿ ಎದುರಾಳಿಯ ಪ್ರತಿ ನಡೆ ಮೊದಲೇ ಬಲ್ಲ ತರಬೇತುದಾರರು, ಕೈ ಹಾಕಿ ಎಳೆದಾಡಿದರೂ ಸುಮ್ಮನಿರುವ ರೆಫರಿಗಳು, ಆಟ ಪಕ್ವವಾಗುವ ಮೊದಲೇ ಎನ್‌ಬಿಎಗೆ ಹಾರುವ ಹುಡುಗರು. 2000ದ ಸೆಮಿಫೈನಲ್ ಒಂದರ ಮೊದಲರ್ಧ ಮಿಶಿಗನ್ ಸ್ಟೇಟ್ 19, ವಿಸ್ಕಾನ್ಸಿನ್ 17. 2011ರ ಫೈನಲಿನಲ್ಲಿ ಬಟ್ಲರ್ ತಂಡ 64 ಸಲ ಎಸೆದು 12 ಮಾತ್ರ ಹಾಕಿ ಕನೆಕ್ಟಿಕಟ್‌ಗೆ 53-41ರಿಂದ ಸೋತಿತು. 2012-13ರ ಹೊತ್ತಿಗೆ ತಂಡವೊಂದರ ಸರಾಸರಿ 67.5 ಅಂಕಕ್ಕೆ ಇಳಿದಿತ್ತು. ಆರು ದಶಕಗಳಲ್ಲೇ ಕನಿಷ್ಠ.

ಸಮಿತಿ ಮತ್ತೆ ಎಚ್ಚೆತ್ತಿತು. 2013ರಿಂದ ಕೈ ಅಡ್ಡ ಹಾಕುವುದನ್ನು ಕಟ್ಟುನಿಟ್ಟಾಗಿ ಫೌಲ್ ಎಂದರು. 2015-16ರಲ್ಲಿ ಗಡಿಯಾರ 30 ಸೆಕೆಂಡಿಗೆ ಇಳಿಯಿತು. ಮೂರಂಕದ ಗೆರೆ 2008ರಲ್ಲಿ ಒಂದಡಿ ಹಿಂದೆ ಸರಿದಿತ್ತು, 2019ರಲ್ಲಿ 22 ಅಡಿ ಒಂದೂಮುಕ್ಕಾಲು ಇಂಚಿಗೆ ಹೋಯಿತು. ಎಷ್ಟು ದೂರ ಸರಿಸಿದರೂ ಹುಡುಗರು ಅಲ್ಲಿಂದಲೇ ಎಸೆದರು. 2018ರ ಸೆಮಿಫೈನಲಿನಲ್ಲಿ ವಿಲನೋವಾ ಕ್ಯಾನ್ಸಸ್ ಎದುರು 18 ತ್ರೀ-ಪಾಯಿಂಟರ್ ಹಾಕಿ ಪಟ್ಟದತ್ತ ನಡೆಯಿತು. ಗಡಿಯಾರವಿಲ್ಲದ ಕಾಲದಲ್ಲಿ 28 ಎಸೆತಕ್ಕೆ ತೃಪ್ತಿಪಟ್ಟ ವಿಶ್ವವಿದ್ಯಾಲಯವೇ ಅದು.

ಅದೇ 2018ರಲ್ಲಿ ದೇಶದ ಅತಿ ನಿಧಾನದ ತಂಡಗಳಲ್ಲೊಂದಾದ ಟೋನಿ ಬೆನೆಟ್ ಅವರ ವರ್ಜೀನಿಯಾ, ಅಗ್ರ ಶ್ರೇಯಾಂಕ ಹೊತ್ತು ಬಂದು, ಹದಿನಾರನೆಯ ಶ್ರೇಯಾಂಕದ ಯುಎಂಬಿಸಿ ಎಂಬ ಪುಟ್ಟ ತಂಡಕ್ಕೆ 74-54ರಿಂದ ಸೋತಿತು. ಪುರುಷರ ಟೂರ್ನಿಯಲ್ಲಿ ಅಂಥ ಸೋಲು ಅದುವರೆಗೆ ಆಗಿರಲಿಲ್ಲ. ನಿಧಾನದ ಆಟಕ್ಕೆ ಕಾಲವಿಲ್ಲವೆಂದು ಬರೆದವರು ಎಷ್ಟೋ ಮಂದಿ. ಬೆನೆಟ್ ತಮ್ಮ ಆಟ ಬದಲಿಸಲಿಲ್ಲ. ಮುಂದಿನ ವರ್ಷ ಅದೇ ನಿಧಾನದಲ್ಲಿ ಪಟ್ಟ ಗೆದ್ದರು.

ಮಹಿಳೆಯರ ಆಟ 2015ರಿಂದ ಹತ್ತು ಹತ್ತು ನಿಮಿಷದ ನಾಲ್ಕು ಭಾಗಗಳಿಗೆ ಹೋಗಿ ಇನ್ನಷ್ಟು ಚುರುಕಾಯಿತು. 2024ರ ಮಾರ್ಚ್ 3ರಂದು ಅಯೋವಾದ ಕೇಟ್ಲಿನ್ ಕ್ಲಾರ್ಕ್, ಎಲ್‌ಎಸ್‌ಯುನ ಪೀಟ್ ಮರಾವಿಚ್ 1970ರಲ್ಲಿ ಬಿಟ್ಟುಹೋಗಿದ್ದ 3,667 ಅಂಕಗಳ ದಾಖಲೆ ದಾಟಿ, ಕೊನೆಗೆ 3,951ಕ್ಕೆ ನಿಂತಳು. ಇಬ್ಬರನ್ನು ಹೋಲಿಸುವುದು ಕಷ್ಟ. ಮರಾವಿಚ್‌ನ ಕಾಲದಲ್ಲಿ ಮೂರಂಕದ ಗೆರೆಯೂ ಇರಲಿಲ್ಲ, ಗಡಿಯಾರವೂ ಇರಲಿಲ್ಲ, ಮೊದಲ ವರ್ಷದವರಿಗೆ ಮುಖ್ಯ ತಂಡದಲ್ಲಿ ಆಡುವ ಅವಕಾಶವೂ ಇರಲಿಲ್ಲ. ಮೂರೇ ಋತುವಿನಲ್ಲಿ ಪಂದ್ಯಕ್ಕೆ 44.2ರ ಸರಾಸರಿ ಅವನದು. ಕ್ಲಾರ್ಕ್ ನಾಲ್ಕು ವರ್ಷ ಆಡಿದಳು, ಲಾಂಛನವಿರುವ ನಡು ಅಂಕಣದ ಹತ್ತಿರದಿಂದಲೂ ಎಸೆದಳು, ಮತ್ತು ಅವಳ ಕೊನೆಯ ಫೈನಲನ್ನು ಆ ವರ್ಷದ ಪುರುಷರ ಫೈನಲಿಗಿಂತ ಹೆಚ್ಚು ಮಂದಿ ಟಿವಿಯಲ್ಲಿ ನೋಡಿದರು.

ಜಗಳ ಈಗ ಒಂದು ಮೆಟ್ಟಿಲು ಕೆಳಗೆ, ಪ್ರೌಢಶಾಲೆಗಳಲ್ಲಿ ನಡೆಯುತ್ತಿದೆ. 2022-23ರಿಂದ ಪ್ರತಿ ರಾಜ್ಯ ತನಗೆ ಬೇಕಿದ್ದರೆ 35 ಸೆಕೆಂಡಿನ ಗಡಿಯಾರ ತರಬಹುದೆಂದು ಶಾಲಾ ಆಟಗಳ ರಾಷ್ಟ್ರೀಯ ಒಕ್ಕೂಟ ಅನುಮತಿ ಕೊಟ್ಟಿದೆ. ಕೆಲವು ರಾಜ್ಯಗಳು ತಂದಿವೆ, ಕೆಲವು ಒಲ್ಲೆವೆಂದಿವೆ. ಗಡಿಯಾರ ಕೊಳ್ಳಲು ದುಡ್ಡು ಬೇಕು, ಅದನ್ನು ನಡೆಸಲು ಪ್ರತಿ ಪಂದ್ಯಕ್ಕೂ ಒಬ್ಬರು ಬೇಕು, ಹಳ್ಳಿಯ ಶಾಲೆಗಳಿಗೆ ಎರಡೂ ಕಷ್ಟ. ಹತ್ತು ಮಂದಿ ಎತ್ತರದ ಹುಡುಗರಿರುವ ಪಟ್ಟಣದ ಶಾಲೆಯೆದುರು ನಮ್ಮ ಮಕ್ಕಳು ಮತ್ತೆ ಹೇಗೆ ನಿಲ್ಲಬೇಕು ಎಂದು ಅಲ್ಲಿನ ತರಬೇತುದಾರರು ಕೇಳುತ್ತಿದ್ದಾರೆ. 2023ರಲ್ಲಿ ಓಕ್ಲಹೋಮದ ಎರಡು ಶಾಲೆಗಳ ನಡುವಿನ ಪಂದ್ಯವೊಂದು 4-2ಕ್ಕೆ ಮುಗಿಯಿತು.